ಮದ್ದೂರಿನ ಜಪಾನ್ ಹೋಟೆಲಿನ ಬಿಸಿ ಉಂಡೆ

ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಬೆರಳಲ್ಲೇ ಉರುಟು ಮಾಡಿ, ಸಾರಿಗೆ ಅದ್ದಿ, ನುಂಗುವುದು. ಅಗಿಯುವವನನ್ನು ಕಂಡರೆ ಸಣ್ಣ ಮಕ್ಕಳೂ ನಗುತ್ತವೆ. ನುಂಗುವುದರಲ್ಲಿ ನನಗೆ ಒಂದು ಹೆಸರೇ ಇತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮೋಟರ್ ವೈಂಡಿಂಗ್ ಅಂಗಡಿ ಸೇರಿದಾಗಿನಿಂದ ಊಟಕ್ಕೆಂದು ಹೊತ್ತು ಕಳೆದವನಲ್ಲ ನಾನು. ಸುಟ್ಟುಹೋದ ಪಂಪ್‌ಸೆಟ್ ಮೋಟರನ್ನು ಆಟೋಗೆ ಹಾಕಿಕೊಂಡು ಬಂದ ರೈತ ಬಾಗಿಲಲ್ಲಿ ನಿಂತಿರುವಾಗ ತಟ್ಟೆ ಮುಂದೆ ಸಾವಕಾಶವಾಗಿ ಕೂರುವುದು ಹೇಗೆ? ಉಂಡೆವೋ ಇಲ್ಲವೋ ಅನ್ನುವಷ್ಟರಲ್ಲಿ ಎದ್ದು ಕೈ ತೊಳೆದಿರಬೇಕು. ಈಗ ಮದ್ದೂರಿನಲ್ಲಿ ಸ್ವಂತ ಅಂಗಡಿಯಿದೆ. ನಾನು ತಂತಿ ಸುತ್ತಿದ ಮೋಟರು ಮತ್ತೆ ಸುಟ್ಟಿತು ಅಂತ ತಿರುಗಿ ಬಂದವರು ಕಡಿಮೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ದುಡಿದಿದ್ದೇನೆ.

ಮನೆ ಕೊತ್ತತ್ತಿಯಲ್ಲಿ. ಬೆಳಿಗ್ಗೆ ಬೈಕಿನಲ್ಲಿ ಹೋಗಿ ಸಂಜೆ ಬರುವುದು. ಬಂದ ಕೂಡಲೇ ಬಿಸಿ ಮುದ್ದೆ. ನನ್ನ ಹೆಂಡತಿ ತಿರುವಿದ ಮುದ್ದೆಯಲ್ಲಿ ಹುಡುಕಿದರೂ ಒಂದು ಗಂಟು ಸಿಕ್ಕುತ್ತಿರಲಿಲ್ಲ.

ಹೋದ ವರ್ಷ ಗಂಟು ಅವಳ ಗಂಟಲಲ್ಲಿ ಕಾಣಿಸಿಕೊಂಡಿತು. ಮೈಸೂರಿನ ಆಸ್ಪತ್ರೆಯಲ್ಲಿ ಕರೆಂಟು ಕೊಟ್ಟರು. ರೇಡಿಯೇಷನ್ನಿಗೆ ನಮ್ಮ ಜನ ಕರೆಂಟು ಕೊಡುವುದು ಅಂತಲೇ ಅನ್ನುವುದು. ವಯಸ್ಸು ಬಂದಾಗಿನಿಂದ ಕರೆಂಟಿನ ಜೊತೆಯೇ ಬದುಕಿದವನು ನಾನು. ಹೆಚ್ಚು ಕರೆಂಟು ಹರಿದರೆ ಒಳಗೆ ಏನೇನು ಸುಡುತ್ತದೆ ಅಂತ ದಿನಾ ನೋಡುವವನು. ಡಾಕ್ಟರು ಒಳ್ಳೆಯವರು, ಗಂಟು ಕರಗಿತು. ಅವಳು ಉಳಿದುಕೊಂಡಳು. ಆದರೆ ನುಂಗುವುದು ಮೊದಲಿನಂತೆ ಆಗಲಿಲ್ಲ. ಬಾಯಿ ಒಣಗುತ್ತದೆ, ಖಾರ ಸ್ವಲ್ಪ ತಾಕಿದರೂ ಕಣ್ಣಲ್ಲಿ ನೀರು. ಒಂದೊಂದು ತುತ್ತಿಗೂ ಒಂದೊಂದು ಗುಟುಕು ನೀರು ಬೇಕು. ನುಂಗುವಾಗ ಗಂಟಲೊಳಗಿಂದ ಗೊಟಕ್ ಅಂತ ಸದ್ದು ಬೇರೆ. ಮುದ್ದೆಯಂತೂ ಇಳಿಯುವ ಮಾತೇ ಇಲ್ಲ. ಅವಳು ಒಂದು ಬಟ್ಟಲು ಗಂಜಿ ಕುಡಿಯುವಷ್ಟರಲ್ಲಿ ನಾನು ಉಂಡು, ಎಲೆ ಅಡಿಕೆ ಹಾಕಿಕೊಂಡು, ಟೀವಿಯಲ್ಲಿ ವಾರ್ತೆಯನ್ನೂ ಮುಗಿಸಿರುತ್ತಿದ್ದೆ.

ಅವಳು ಯಾರ ಎದುರೂ ಉಣ್ಣುವುದನ್ನು ಬಿಟ್ಟಳು. ನನ್ನ ಎದುರೂ. ನನಗೆ ಮುದ್ದೆ ಬಡಿಸಿ, ಅಡುಗೆಮನೆಯ ಬಾಗಿಲು ಮುಂದಕ್ಕೆ ಎಳೆದುಕೊಂಡು ಒಳಗೇ ಉಣ್ಣುತ್ತಿದ್ದಳು. ಟೀವಿ ಸದ್ದು ಕಡಿಮೆಯಾದರೆ ಗೊಟಕ್ ಅನ್ನುವುದು ಹೊರಗೆ ಕೇಳುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ಅದಕ್ಕೇ ಟೀವಿ ಸಣ್ಣದು ಮಾಡಿದರೆ ಒಳಗಿಂದಲೇ ಕೂಗುತ್ತಿದ್ದಳು, "ಜೋರಾಗೇ ಇರ್ಲಿ ಬುಡಿ, ನಾನೂ ಕೇಳ್ತಾವ್ನಿ."

ಇದರ ನಡುವೆ ಮಗಳ ಮದುವೆಯೂ ಆಯಿತು. ಗಂಡಿನ ಊರು ಚಿಕ್ಕರಸಿನಕೆರೆ. ಮದುವೆಯ ದಿನ ಸೆರಗು ಸಿಕ್ಕಿಸಿಕೊಂಡು ಬಡಿಸುವ ನೆಪದಲ್ಲಿ ಅವಳು ಊಟ ತಪ್ಪಿಸಿಕೊಂಡಳು. ಗದ್ದಲದಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಆದರೆ ಬೀಗರೂಟ ಬಾಕಿಯಿತ್ತು. ಗಂಡಿನ ಮನೆಯವರು ನಮ್ಮನ್ನು ಕರೆದು ಕುರಿ ಕಡಿದು ಊಟ ಹಾಕುವುದು. ಅಲ್ಲಿ ನೆಪ ನಡೆಯುವುದಿಲ್ಲ. ಹೆಣ್ಣಿನ ತಂದೆ ತಾಯಿ ಮೊದಲನೆಯ ಪಂಕ್ತಿಯ ಮೊದಲೆರಡು ಎಲೆಗೆ ಕೂರಬೇಕು. ಅವರು ಕೈಯಿಟ್ಟ ಮೇಲೆ ಉಳಿದವರು ಕೈಯಿಡುವುದು. ಅವರು ಎದ್ದ ಮೇಲೆ ಪಂಕ್ತಿ ಏಳುವುದು. ಹಿಂದೆ ಎರಡನೇ ಪಂಕ್ತಿಯವರು ಹಸಿದುಕೊಂಡು ನಿಂತಿರುತ್ತಾರೆ.

"ನಾನು ಬರಾಕಿಲ್ಲ," ಅಂದಳು.

"ಹಂಗಂದ್ರೆ ಎಂಗಮ್ಮಿ? ನೀನು ಬೀಗಿತ್ತಿ."

"ನಾನು ಗೊಟಕ್ ಗೊಟಕ್ ಅನ್ಕೊಂಡು ಕುಂತಿರ್ಬೇಕು, ಊರೋರೆಲ್ಲ ಎಂಜ್ಲು ಕೈ ಒಣಗಿಸ್ಕೊಂಡು ನನ್ ಬಾಯೇ ನೋಡ್ತಿರ್ಬೇಕು. ನಂಗಾಗಾಕಿಲ್ಲ. ಜ್ವರ ಬಂದೈತೆ ಅಂದ್ಬುಡಿ."

ನಾನು ಮೊದಲೇ ಮಾತು ಬಲ್ಲವನಲ್ಲ. "ಹಟ ಮಾಡ್ಬ್ಯಾಡ" ಅಂತ ಒಂದೆರಡು ಸಲ ಗದರಿದೆ. ಗದರಿದರೆ ಗಂಟಲು ಸರಿಹೋಗುವುದಾಗಿದ್ದರೆ ಆಸ್ಪತ್ರೆ ಯಾಕೆ ಬೇಕಿತ್ತು? ಅವಳು ಎದ್ದುಹೋದಳು. ಮರುದಿನ ಮಗಳು ಅಂಗಡಿಗೆ ಫೋನು ಮಾಡಿದಳು.

"ಅಪ್ಪ, ಅವ್ವ ಬರಾಕಿಲ್ಲ ಅಂತಾವ್ಳೆ."

"ನಿಮ್ಮತ್ತೆ ಏನಾರ ಅಂದ್ಕೊತಾರೆ ಅಂತ್ಲಾ?"

"ಯಾರಾನ ಏನಾನ ಅಂದ್ಕೊಳ್ಲಿ ಬುಡಪ್ಪ. ನಂಗೆ ಅವ್ವ ಬೇಕು. ಅವ್ವ ಉಣ್ಣೋದು ನೋಡಿ ಎಷ್ಟು ದಿನ ಆಯ್ತು ಗೊತ್ತಾ ನಿಂಗೆ?"

ನನಗೂ ನೆನಪಿರಲಿಲ್ಲ. ಫೋನಿಟ್ಟು, ಮುಂದಿದ್ದ ಮೋಟರಿಗೆ ಆಗಲೇ ಸುತ್ತಿದ್ದ ತಂತಿಯನ್ನು ಬಿಚ್ಚಿ ಮತ್ತೆ ಸುತ್ತಿದೆ.

ಅದೇ ವಾರ ಹಳೇ ಹೈವೇಯಿಂದ ಒಬ್ಬ ಬಂದ. ಹೊಸ ರಸ್ತೆ ಊರ ಹೊರಗೆ ಹಾದುಹೋದ ಮೇಲೆ ಮದ್ದೂರಿನ ಹಳೇ ರಸ್ತೆಯ ಎಷ್ಟೋ ಹೋಟೆಲುಗಳ ಶಟರು ಇಳಿದಿತ್ತು. ಅಂಥದ್ದೊಂದು ಟಿಫನ್ ರೂಮನ್ನು ಕಡಿಮೆ ಬಾಡಿಗೆಗೆ ಹಿಡಿದು ಯಾರೋ ಜಪಾನ್ ಊಟದ ಹೋಟೆಲ್ ಮಾಡಿದ್ದಾರೆ ಅಂತ ಬಾಯಿಂದ ಬಾಯಿಗೆ ಸುದ್ದಿಯಾಗಿತ್ತು. ಹಸಿ ಮೀನು ತಿನ್ನಿಸುತ್ತಾರಂತೆ ಅಂತ ನಾನೂ ನಾಲ್ಕು ಜನರ ಜೊತೆ ನಕ್ಕಿದ್ದೆ. ಬಂದವನು ಅದರ ಯಜಮಾನ. ನೋಡಿದರೆ ಪಕ್ಕದ ಶಿವಪುರದವನು! ಕಾರ್ಖಾನೆಗಳ ಕಡೆ ಜಪಾನಿನ ಇಂಜಿನಿಯರುಗಳಿದ್ದ ಗೆಸ್ಟ್‌ಹೌಸಿನಲ್ಲಿ ಪಾತ್ರೆ ತೊಳೆಯಲು ಸೇರಿ, ಅಡುಗೆಯವನಾಗಿ, ತಲೆ ನರೆತ ಮೇಲೆ ಊರಿನ ಹತ್ತಿರ ಇರೋಣವೆಂದು ಬಂದಿದ್ದನಂತೆ.

"ಅಣ್ಣ, ಎಕ್ಸಾಸ್ಟ್ ಫ್ಯಾನು ನಿಂತೋಗೈತೆ. ಒಗೆ ಆಚಿಗೋಯ್ತಿಲ್ಲ. ಗಿರಾಕಿಗಳು ಅಳ್ತಾ ಉಣ್ತಾವ್ರೆ, ಬಂದು ನೋಡಣ್ಣ."

ಹೋದೆ. ಗೋಡೆಯ ಮೇಲೆ ಹಳೇ ಹೋಟೆಲಿನ 'ಕೈ ತೊಳೆಯುವ ಸ್ಥಳ' ಎಂಬ ಬರಹ ಹಾಗೇ ಇತ್ತು. ಕೆಲವೇ ಮೇಜು, ಮರದ ಬೆಂಚು, ಅಡುಗೆಮನೆಗೂ ಕೂರುವ ಜಾಗಕ್ಕೂ ನಡುವೆ ಒಂದು ಉದ್ದದ ಕಟ್ಟೆ. ಕಟ್ಟೆಯ ಈಚೆ ಸ್ಟೂಲು ಹಾಕಿಕೊಂಡು ಕೂತರೆ ಆಚೆ ಬೇಯುವುದು ಕಾಣುತ್ತದೆ. ಬೋರ್ಡಿನ ಮೇಲೆ ಕನ್ನಡದಲ್ಲೇ ಬರೆದಿದ್ದ: ಉದೊನ್, ರಾಮೆನ್, ತಕೊಯಾಕಿ. ಬೆಲೆ ನಮ್ಮ ಮಿಲ್ಟ್ರಿ ಹೋಟೆಲಿನ ಊಟಕ್ಕಿಂತ ಹೆಚ್ಚಿರಲಿಲ್ಲ. ಒಂದು ದೊಡ್ಡ ಹಂಡೆಯಲ್ಲಿ ಕೋಳಿ ಮೂಳೆ ಸಣ್ಣ ಉರಿಯಲ್ಲಿ ಬೇಯುತ್ತಿತ್ತು. ಮಸಾಲೆ ವಾಸನೆಯೇ ಇಲ್ಲ. ಇದೇನು ಆಸ್ಪತ್ರೆಯ ಅಡುಗೆಯೇ ಅಂದುಕೊಂಡೆ.

ಮೋಟರು ಬಿಚ್ಚಿ ಅಂಗಡಿಗೆ ತಂದು, ತಂತಿ ಸುತ್ತಿ, ವಾರ್ನಿಷ್ ಒಣಗಿಸಿ, ಮರುದಿನ ಮಧ್ಯಾಹ್ನ ಕೂರಿಸಿದೆ. ಸ್ವಿಚ್ಚು ಒತ್ತಿದ ಕೂಡಲೇ ಹೊಗೆಯೆಲ್ಲ ಎದ್ದು ಹೊರಟಿತು. ಅವನು ಖುಷಿಯಿಂದ ನನ್ನನ್ನು ಕಟ್ಟೆಯ ಮುಂದೆ ಕೂರಿಸಿ, ಕಡ್ಡಿ ಜೋಡಿ ಕೊಟ್ಟ. ತಂತಿಯನ್ನು ಸಂದಿಗೆ ಕೂರಿಸಲು ಬಿದಿರಿನ ಸೀಳು ಹಿಡಿದು ಹಿಡಿದು ರೂಢಿಯಾದ ಕೈ ನನ್ನದು. ಕಡ್ಡಿ ಮೊದಲ ಸಲಕ್ಕೇ ಮಾತು ಕೇಳಿತು.

"ಪರ್ವಾಗಿಲ್ಲ ಕಣಣ್ಣ ನೀನು! ನಂಗೆ ಕಲಿಯಾಕೆ ಒಂದು ತಿಂಗ್ಳಾಗಿತ್ತು."

ಆ ಮಾತಿಗೆ ನಾನು ಸ್ವಲ್ಪ ಉಬ್ಬಿದೆ ಅಂತಲೇ ಇಟ್ಟುಕೊಳ್ಳಿ. ಅವನು ಪಡ್ಡಿನ ಹಂಚಿನಂಥ ಗುಳಿಗಳ ಹಂಚಿನಿಂದ ಉಂಡೆಗಳನ್ನು ತಿರುಗಿಸಿ ತಿರುಗಿಸಿ ತೆಗೆದು ತಟ್ಟೆಗಿಟ್ಟ. ತಕೊಯಾಕಿ. ಜಪಾನಿನಲ್ಲಿ ಅದರೊಳಗೆ ಸಮುದ್ರದ ಯಾವುದೋ ಪ್ರಾಣಿ ಇಡುತ್ತಾರಂತೆ, ಇವನು ಕೋಳಿ ಚೂರು ಇಟ್ಟಿದ್ದ. ಮೇಲೆ ಕಂದು ಬಣ್ಣದ ಸಿಹಿ ಸಾರು. ನೋಡಲು ಉರುಟಾಗಿ, ಒಂದು ತುತ್ತು ಮುದ್ದೆಯಷ್ಟೇ ಗಾತ್ರ. ನಾನು ಏನು ಮಾಡಿರುತ್ತೇನೆ ಹೇಳಿ. ಕಡ್ಡಿಯಲ್ಲಿ ಎತ್ತಿದೆ, ಸಾರಿಗೆ ಒರೆಸಿದೆ, ಬಾಯಿಗಿಟ್ಟೆ, ನುಂಗಿದೆ.

ಆ ಉಂಡೆ ಮೇಲೆ ಮಾತ್ರ ಗಟ್ಟಿ. ಒಳಗೆ ಕುದಿಯುವ ಹಿಟ್ಟು, ಗಂಜಿಯಂತೆ. ಅದು ಗಂಟಲಲ್ಲಿ ಒಡೆದುಕೊಂಡಿತು.

"ಅಯ್ಯೋ ಅಣ್ಣೋ! ಅಂಗೇ ನುಂಗ್ಬುಟ್ಟಾ? ಕಚ್ಚಿ, ಆರ್ಸಿ ತಿನ್ಬೇಕು ಕಣಣ್ಣ ಅದ! ಮುದ್ದೆ ಅಂದ್ಕೊಂಡಾ?"

ಕಣ್ಣಲ್ಲಿ ನೀರು ಹರಿಯುತ್ತಿದ್ದರೂ ತಲೆಯಾಡಿಸಿದೆ, ಏನೂ ಆಗಿಲ್ಲ ಅನ್ನುವಂತೆ. ಅವನು ತಂದುಕೊಟ್ಟ ತಣ್ಣೀರನ್ನು ಕುಡಿದು, ಇನ್ನೊಂದು ಉಂಡೆಯನ್ನೂ ಕಚ್ಚಿ ತಿಂದು ಎದ್ದೆ. ಬಿಟ್ಟು ಬಂದರೆ ಮರ್ಯಾದೆ ಉಳಿಯುವುದಿಲ್ಲವಲ್ಲ.

ಸಂಜೆ ಮನೆಗೆ ಬಂದಾಗ ಬಿಸಿ ಮುದ್ದೆ, ಉಪ್ಪೆಸರು. ಮೊದಲ ತುತ್ತು ಗಂಟಲಿಗೆ ಹೋಯಿತು, ಅಲ್ಲೇ ನಿಂತಿತು. ಸಾರಿನ ಖಾರ ಸುಟ್ಟ ಜಾಗಕ್ಕೆ ತಾಕಿದ್ದೇ ತಡ ಕಿವಿಯವರೆಗೆ ಉರಿ ಎದ್ದಿತು. ನೀರು ಕುಡಿದೆ. ಎರಡನೇ ತುತ್ತು ಚಿಕ್ಕದು ಮಾಡಿದೆ, ಮತ್ತೆ ನೀರು. ಮೂರನೆಯದಕ್ಕೆ ಗಂಟಲಿನಿಂದ ಸದ್ದು ಬಂತು. ಗೊಟಕ್.

ಅಡುಗೆಮನೆಯ ಬಾಗಿಲು ಸರಿಯಿತು. ಅವಳು ಗಂಜಿಯ ಬಟ್ಟಲು ಕೈಯಲ್ಲಿ ಹಿಡಿದೇ ನಿಂತಿದ್ದಳು. ತಟ್ಟೆ ನೋಡಿದಳು, ಖಾಲಿ ಚೊಂಬು ನೋಡಿದಳು.

"ಯಾಕ್ರೀ? ನುಂಗಾಕಾಯ್ತಿಲ್ವಾ?"

"ಏನಿಲ್ಲ ಕಣಮ್ಮಿ. ನೆಗಡಿ."

"ನೆಗಡಿ ಆದ್ರೆ ಮೂಗು ಸೋರ್ತದೆ. ನಿಮ್ಗೆ ಕಣ್ಣು ಸೋರ್ತೈತೆ."

ಅವಳ ಮುಖದ ಬಣ್ಣವೇ ಹೋಗಿತ್ತು. ಗಂಟಲು ಅಂದರೆ ಅವಳಿಗೆ ಬೇರೆ ಏನು ನೆನಪಾಗಬೇಕು? ಆ ಹೆದರಿಕೆ ಕಂಡ ಮೇಲೆ ಮುಚ್ಚಿಡಲು ಮನಸ್ಸು ಬರಲಿಲ್ಲ. ಹೇಳಿದೆ. ಜಪಾನ್ ಹೋಟೆಲು, ಕಡ್ಡಿ, ಉಂಡೆ, ನುಂಗಿದ್ದು, ಒಡೆದದ್ದು. ಅವಳು ಕೇಳುತ್ತಾ ಕೇಳುತ್ತಾ ಗೋಡೆಗೆ ಒರಗಿದಳು. ತುಟಿ ಅದುರಿತು. ಅಳುತ್ತಾಳೆ ಅಂದುಕೊಂಡೆ. ಬಟ್ಟಲು ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಆ ನಗು ನಾನು ಕೇಳಿರಲಿಲ್ಲ.

"ಊರೋರಿಗೆಲ್ಲ ನುಂಗೋದು ಯೋಳ್ಕೊಡೋ ಗಂಡ್ಸು! ಒಂದು ಉಂಡೆ ಅಲ್ಲಾಡ್ಸ್‌ಬುಡ್ತಲ್ರೀ!"

"ನಗು, ನಗು. ನಿಂಗೆ ಖುಸಿ."

ಅವಳು ಕಣ್ಣೊರೆಸಿಕೊಂಡು ನನ್ನ ತಟ್ಟೆಯನ್ನು ಎತ್ತಿಕೊಂಡು ಹೋದಳು. ಇನ್ನೊಂದು ಬಟ್ಟಲಿಗೆ ಗಂಜಿ ಹಾಕಿ, ಮಜ್ಜಿಗೆ ಬೆರೆಸಿ ತಂದಿಟ್ಟು, ನನ್ನ ಎದುರಿಗೇ ಕೂತಳು. "ಒಂದೇ ಸಲ ಎಳ್ಕೊಬ್ಯಾಡಿ. ಬಾಯಲ್ಲೇ ಸ್ವಲ್ಪ ಇಟ್ಕೊಳ್ಳಿ. ಗದ್ದ ಎದೆ ಕಡೆಗೆ ಬಗ್ಗಿಸಿ. ಆಗ ಇಳೀತದೆ." ಹೇಳಿದಂತೆ ಮಾಡಿದೆ, ಇಳಿಯಿತು. ನಾವಿಬ್ಬರೂ ಗದ್ದ ಬಗ್ಗಿಸಿ ಗೊಟಕ್ ಗೊಟಕ್ ಅನ್ನುತ್ತಾ ಕೂತೆವು. ಎದುರುಬದುರು ಕೂತು ನಾವು ಉಂಡದ್ದು ನಮ್ಮ ಮದುವೆಯ ದಿನ ಬಿಟ್ಟರೆ ಅಂದೇ ಇರಬೇಕು. ಇವಳು ದಿನವೂ ಇಷ್ಟು ಕಷ್ಟಪಟ್ಟು ಒಂದು ಬಟ್ಟಲು ಇಳಿಸುತ್ತಾಳೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೂ ಗಂಟಲಿಗೆ ಬಂದದ್ದಕ್ಕೂ ಬಹಳ ವ್ಯತ್ಯಾಸ.

ಬಟ್ಟಲು ಖಾಲಿಯಾದ ಮೇಲೆ ಅವಳೇ ಅಂದಳು, "ಆ ಉಂಡೆ ಮಾಡ್ದೋನ್ನ ಒಂದ್ಸಲ ನೋಡ್ಬೇಕಲ್ರೀ. ಕರ್ಕೊಂಡೋಗಿ."

ಭಾನುವಾರ ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಸೆರಗನ್ನು ತಲೆಯ ಮೇಲಿಂದ ಕತ್ತಿಗೆ ಸುತ್ತಿಕೊಂಡು, ನೀರಿನ ಬಾಟಲಿ ತೊಡೆಯ ಮೇಲಿಟ್ಟುಕೊಂಡು ಬಂದಳು. ಹೋಟೆಲಿನ ಮುಂದೆ ಇಳಿದು ಮೇಲಿಂದ ಕೆಳಗೆ ನೋಡಿದಳು.

"ಜಪಾನು ಜಪಾನು ಅಂದ್ರಿ. ಮೊದ್ಲು ಇಲ್ಲೇ ಅಲ್ವಾ ನಮ್ಮಣ್ಣನ ಜೊತೆ ಪೂರಿ ತಿಂದಿದ್ದು?"

ಶಿವಪುರದವನು ಕಟ್ಟೆ ಬಿಟ್ಟು ಓಡಿಬಂದ. "ಬಾ ಅಕ್ಕ, ಬಾ. ಅಣ್ಣನ ಗಂಟ್ಲು ಎಂಗೈತೆ?"

"ನೀನೇನಪ್ಪ ನಮ್ಮೆಜಮಾನ್ರ ಬಾಯಿ ಮುಚ್ಚಿಸ್ದೋನು? ಎರಡು ದಿನ ಮನೇಲಿ ಜಗಳಾನೇ ಇಲ್ಲ. ಇನ್ನೊಂದು ಉಂಡೆ ಕೊಟ್ಟು ಕಳ್ಸು."

ಅವನು ನಗುತ್ತಾ ನಮ್ಮನ್ನು ಮೂಲೆಯ ಮೇಜಿಗೆ ಕೂರಿಸಿದ. ನಾನು ಒಳಗೆ ಹೋಗಿ ಮೆಲ್ಲಗೆ ಅವಳ ಗಂಟಲಿನ ವಿಷಯ ಹೇಳಿದೆ. ಅವನು ಅಯ್ಯೋ ಪಾಪ ಅನ್ನಲಿಲ್ಲ, ಅದು ನನಗೆ ಹಿಡಿಸಿತು. "ಖಾರ ಇಲ್ಲ, ಗಟ್ಟಿ ಇಲ್ಲ. ನಮ್ಮಲ್ಲಿ ಅಂಗಿರೋದೇ ಜಾಸ್ತಿ," ಅಂದು ಒಲೆ ಕಡೆ ತಿರುಗಿಕೊಂಡ.

ಮೊದಲು ಒಂದು ಸಣ್ಣ ಲೋಟದಲ್ಲಿ ಹಬೆಯಲ್ಲಿ ಬೇಯಿಸಿದ ಮೊಟ್ಟೆ ಬಂತು. ಗಿಣ್ಣಿನ ಹಾಗೆ ಅಲುಗಾಡುತ್ತಿತ್ತು. ಅವಳು ಸೆರಗಿನ ಮರೆಯಲ್ಲಿ ಚಮಚ ಬಾಯಿಗಿಟ್ಟುಕೊಂಡಳು. ನಾನು ಬೇಕೆಂದೇ ರಸ್ತೆ ಕಡೆ ನೋಡುತ್ತಾ ಕೂತೆ. ಸ್ವಲ್ಪ ಹೊತ್ತಾದ ಮೇಲೆ, "ಗಿಣ್ಣಿಗೆ ಉಪ್ಪು ಹಾಕವ್ನೆ ಇವ್ನು," ಅಂದಳು. ಆಮೇಲೆ, "ಚೆನ್ನಾಗೈತೆ."

ನೀರಿನ ಬಾಟಲಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮೇಜಿಗೆ ಜಪಾನಿನವರು ಬಂದರು. ಮೈಸೂರಿಗೆ ಹೋಗುವವರು, ಹಳೇ ಅಡುಗೆಯವನ ಕೈ ಊಟಕ್ಕೆಂದು ಹೊಸ ರಸ್ತೆ ಬಿಟ್ಟು ಇಳಿದು ಬರುತ್ತಾರಂತೆ. ಅವರಿಗೂ ನಮಗೂ ದೊಡ್ಡ ದೊಡ್ಡ ಬಟ್ಟಲು ಒಟ್ಟಿಗೇ ಬಂತು. ಉದೊನ್. ಮೂಳೆ ಬೆಂದ ತಿಳಿ ನೀರಿನಲ್ಲಿ ಬೆರಳು ಗಾತ್ರದ ಬಿಳಿ ಎಳೆಗಳು, ಮೇಲೆ ಈರುಳ್ಳಿ ಸೊಪ್ಪು. ನನ್ನವಳು ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದಳು.

"ಇದು ನಮ್ ಒತ್ಸಾವ್ಗೆ ಕಣ್ರೀ! ದಪ್ಪುಕ್ ಒತ್ತವ್ರೆ ಅಷ್ಟೇಯ."

ಪಕ್ಕದಿಂದ ಜೋರಾಗಿ ಸದ್ದು ಬಂತು. ಸೂರ್ರ್ ಅಂತ. ನೋಡಿದರೆ ಕನ್ನಡಕದ ಜಪಾನಿನ ಹಿರಿಯರು ಬಟ್ಟಲಿಗೆ ಬಗ್ಗಿ ಎಳೆಗಳನ್ನು ಎಳೆದುಕೊಳ್ಳುತ್ತಿದ್ದಾರೆ. ಇನ್ನೊಬ್ಬರೂ ಸೂರ್ರ್. ಮೂರನೆಯವರು ಅವರಿಗಿಂತ ಜೋರು. ಇಸ್ತ್ರಿ ಮಾಡಿದ ಶರಟು, ಒಳ್ಳೆಯ ಕೈಗಡಿಯಾರ ಕಟ್ಟಿಕೊಂಡ ದೊಡ್ಡ ಮನುಷ್ಯರು. ನನ್ನವಳು ಕಡ್ಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅವರನ್ನೇ ನೋಡಿದಳು. ಯಜಮಾನ ನೀರು ತಂದಾಗ ಮೆಲ್ಲಗೆ ಕೇಳಿದಳು.

"ಏನಪ್ಪ, ಅವ್ರು ಮನೇಲೂ ಇಂಗೇ ಉಣ್ಣೋದಾ?"

"ಇಂಗೇ ಅಕ್ಕ. ಬಿಸಿದನ್ನ ಗಾಳಿ ಜೊತೆ ಎಳ್ಕೊಳ್ಳೋದು. ಅವ್ರ್ ಕಡೆ ಸಾವ್ಗೆ ಉಣ್ವಾಗ ಸದ್ದಾದ್ರೆ ಯಾರೂ ತಿರುಗ್ ನೋಡಾಕಿಲ್ಲ."

"ಯಾರೂ ಏನೂ ಅನ್ನಾಕಿಲ್ವಾ?"

"ಯಾಕಕ್ಕ ಅಂತಾರೆ? ಎಲ್ಲಾರ್ದೂ ಸದ್ದೇ."

ಅವಳು ಬಟ್ಟಲಿಗೆ ಬಗ್ಗಿದಳು. ಒಂದು ಎಳೆ ಬಾಯಿಗೆ ಹೋಯಿತು, ಗದ್ದ ಎದೆಯ ಕಡೆಗೆ ಇಳಿಯಿತು. ಗೊಟಕ್. ಕಣ್ಣು ಪಟ್ಟನೆ ಪಕ್ಕದ ಮೇಜಿಗೆ ಹೋಯಿತು. ಅಲ್ಲಿ ಸೂರ್ರ್ ಸೂರ್ರ್ ನಡೆದೇ ಇತ್ತು, ಯಾರೂ ತಲೆಯೆತ್ತಲಿಲ್ಲ. ಇನ್ನೊಂದು ಎಳೆ. ಗೊಟಕ್. ನಾನೂ ಎಳೆದುಕೊಂಡೆ, ಬೇಕೆಂದೇ ಜೋರಾಗಿ. ಸಾರು ಮೂಗಿಗೆ ಹಾರಿತು.

"ಸುಮ್ಕೆ ಉಣ್ಣಿ, ನಿಮ್ಗೇನ್ ಬಂತು," ಅಂದಳು. ಅನ್ನುವಾಗ ಸೆರಗು ಬಾಯಿಯಿಂದ ಜಾರಿತ್ತು. ಅದನ್ನು ಮತ್ತೆ ಎಳೆದುಕೊಳ್ಳಲಿಲ್ಲ.

ಜಪಾನಿನವರು ಉಂಡು, ಬಟ್ಟಲೆತ್ತಿ ಕುಡಿದು, ತಲೆ ಬಗ್ಗಿಸಿ ಹೋದರು. ಬೇರೆ ಗಿರಾಕಿಗಳು ಬಂದರು, ಹೋದರು. ಅವಳು ಉಣ್ಣುತ್ತಲೇ ಇದ್ದಳು. ಅಲ್ಲಿ ಪಂಕ್ತಿ ಇರಲಿಲ್ಲ. ಯಾರ ಬಟ್ಟಲು ಅವರಿಗೆ. ಎರಡೂ ಕೈಯಲ್ಲಿ ಬಟ್ಟಲೆತ್ತಿ ಕೊನೆಯ ಗುಟುಕನ್ನು ಕುಡಿದು ಕೆಳಗಿಟ್ಟಾಗ ಹೊರಗೆ ಬಿಸಿಲು ಎದುರುಗಡೆಯ ಗೋಡೆ ಹತ್ತಿತ್ತು. ಅವಳ ಹಣೆಯಲ್ಲಿ ಬೆವರು. ಒಂದು ಪೂರ್ತಿ ಊಟ ಉಂಡವರ ಬೆವರು. ನಾನು ಬಟ್ಟಲನ್ನು ನನ್ನ ಕಡೆ ವಾಲಿಸಿ ತಳ ನೋಡಿದೆ.

ಹೊರಡುವಾಗ ಅವಳು ಯಜಮಾನನನ್ನು ಕಟ್ಟೆಯ ಹತ್ತಿರ ನಿಲ್ಲಿಸಿಕೊಂಡು ಮೂಳೆ ಎಷ್ಟು ಹೊತ್ತು ಬೇಯಿಸುತ್ತೀ, ನೊರೆ ಯಾವಾಗ ತೆಗೆಯುತ್ತೀ ಅಂತ ವಿಚಾರಿಸಿದಳು. ಮನೆಗೆ ಬಂದವಳೇ ಅಟ್ಟದ ಮೇಲೆ ಧೂಳು ಹಿಡಿದಿದ್ದ ಶಾವಿಗೆ ಒರಳನ್ನು ಇಳಿಸಿಕೊಡಿ ಅಂದಳು. ಆ ವಾರವೆಲ್ಲ ಅಕ್ಕಿ ಹಿಟ್ಟು ಬೇಯಿಸಿ ಒರಳಿಗೆ ತುಂಬುವುದು ಅವಳು, ಒತ್ತುವುದು ನಾನು. ಕೆಳಗೆ ಬೀಳುವ ಬಿಳಿ ಎಳೆಗಳನ್ನು ಮೂಳೆ ಬೇಯಿಸಿದ ತಿಳಿನೀರಿಗೆ ಹಾಕಿ, ಉಪ್ಪು ಮಾತ್ರ ಹಾಕಿ ಉಣ್ಣುತ್ತಿದ್ದಳು. ಅಡುಗೆಮನೆಯಲ್ಲೇ ನಾನೂ ಕೂರಲು ಕಲಿತೆ. ಬಾಗಿಲು ತೆರೆದೇ ಇತ್ತು. ಟೀವಿ ಯಾರೂ ಹಚ್ಚಲಿಲ್ಲ.

ಬೀಗರೂಟದ ಮಾತು ನಾನು ಎತ್ತಲಿಲ್ಲ. ಹಿಂದಿನ ದಿನ ಅವಳೇ ಮಗಳಿಗೆ ಫೋನು ಮಾಡಿದಳು. "ನಿಮ್ಮತ್ತೆಗೆ ಯೋಳು ಮಗ, ಮಸಾಲೆ ಹಾಕೋಕ್ ಮುಂಚೆ ಮೂಳೆ ನೀರು ಒಂದು ಚೊಂಬು ತೆಗ್ದಿಡಾಕೆ. ಸಾವ್ಗೆ ನಾನೇ ಒತ್ಕೊಂಡು ಬತ್ತೀನಿ." ಆಮೇಲೆ, "ಬತ್ತೀನಿ ಕಣೆ, ಅಳಬ್ಯಾಡ. ಆದ್ರೆ ಪಂಕ್ತಿ ಕಾಯೋದೊಂದೇ ನಂಗೆ ಇಂಸೆ." ಫೋನಿಟ್ಟು ಶಾವಿಗೆ ಒರಳನ್ನು ತೊಳೆದಿಟ್ಟಳು. ಹೋಟೆಲಲ್ಲಿ ಬಟ್ಟಲು ಬೇರೆ ಬೇರೆ. ಬೀಗರೂಟದಲ್ಲಿ ಒಂದೇ ಸಾಲು.

ಚಿಕ್ಕರಸಿನಕೆರೆಯಲ್ಲಿ ಶಾಮಿಯಾನದ ಕೆಳಗೆ ಉದ್ದಕ್ಕೆ ಮೇಜು ಹಾಕಿ ಎಲೆ ಹಾಸಿದ್ದರು. ಮೊದಲನೇ ಎಲೆ ನನ್ನದು, ಎರಡನೇದು ಅವಳದು. ಮಗಳ ಅತ್ತೆ ತಾವೇ ಬಂದು ಅವಳ ಎಲೆಯ ಪಕ್ಕ ಬಟ್ಟಲಿಟ್ಟು ಶಾವಿಗೆಗೆ ಮೂಳೆ ನೀರು ಹೊಯ್ದರು. ನನ್ನ ಎಲೆಗೆ ಮುದ್ದೆ, ಮಾಂಸದ ಸಾರು, ನಲ್ಲಿಮೂಳೆ. ಮುದ್ದೆ ಬಿಸಿಯಾಗಿ ಹೊಳೆಯುತ್ತಿತ್ತು. ನನ್ನ ಗಂಟಲು ಆಗಲೇ ವಾಸಿಯಾಗಿತ್ತು. ಎಂದಿನಂತೆ ನುಂಗಿದ್ದರೆ ಸಾರು ಎರಡನೇ ಸಲ ಬರುವಷ್ಟರಲ್ಲಿ ನನ್ನ ಎಲೆ ಖಾಲಿ.

ನಾನು ಒಂದು ಚಿಟಿಕೆಯಷ್ಟು ಮುದ್ದೆ ಮುರಿದೆ. ಸಾರಿಗೆ ಅದ್ದಿದೆ. ಬಾಯಿಗಿಟ್ಟು ಅಗಿದೆ.

ಪಕ್ಕದಲ್ಲಿ ಅವಳ ಮೊದಲನೇ ಗೊಟಕ್ ಕೇಳಿತು. ನಾನು ನಲ್ಲಿಮೂಳೆ ಎತ್ತಿ ಸೂರ್ರ್ ಅಂತ ಹೀರಿದೆ, ಜಪಾನಿನ ಹಿರಿಯರನ್ನು ನೆನೆಸಿಕೊಂಡು. ಎದುರಿನ ಸಾಲಿನ ಹುಡುಗರು ನಕ್ಕರು. ನಗಲಿ. ಮತ್ತೆ ಒಂದು ಚಿಟಿಕೆ ಮುದ್ದೆ, ಮತ್ತೆ ಮೂಳೆ. ಉಳಿದವರ ಎಲೆಗಳು ಒಂದೊಂದಾಗಿ ಬರಿದಾದವು. ಕೈ ಒಣಗಲು ಶುರುವಾಯಿತು. ಶಾಮಿಯಾನದ ಅಂಚಿನಲ್ಲಿ ಎರಡನೇ ಪಂಕ್ತಿಯವರು ಬಂದು ನಿಂತರು. ಬೀಗರು ಸೊಂಟಕ್ಕೆ ಟವೆಲು ಕಟ್ಟಿಕೊಂಡು ನನ್ನ ಮುಂದೆ ಬಂದರು.

"ಏನ್ ಬೀಗ್ರೇ, ಇನ್ನೂ ಒಂದು ಮುದ್ದೆ ಕರಗಿಲ್ಲ! ಕೊತ್ತತ್ತಿಯೋರು ನುಂಗೋದ್ರಲ್ಲಿ ಗಟ್ಟಿಗ್ರು ಅಂತ ಕೇಳಿದ್ದೋ!"

"ನಿಮ್ಮೂರ ಕುರಿಗೆ ಎಷ್ಟು ವಯಸ್ಸಾಗಿತ್ತೋ ಬೀಗ್ರೇ. ಕಚ್ಚುದ್ರೆ ಅದೇ ನನ್ನ ಕಚ್ತೈತೆ."

"ಲೋ, ಬೀಗ್ರು ಮುದ್ದೆ ಅಗೀತಾವ್ರೆ ಕಣ್ರಲಾ!" ಸಾಲಿನ ಕೊನೆಯಿಂದ ಯಾರೋ ಕೂಗಿದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನನ್ನ ಊರಿನವರೂ ನಕ್ಕರು, ಜೋರಾಗಿಯೇ. ಬಿಸಿ ಮುದ್ದೆ ಕಣ್ಣು ಮಿಟುಕಿಸದೆ ನುಂಗುತ್ತಿದ್ದ ನನ್ನನ್ನು ನೋಡಿದ್ದವರು ಅವರು. ನನ್ನ ಕಿವಿ ಬಿಸಿಯಾಯಿತು. ಆದರೂ ಅಗಿದೆ.

ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲಿತ್ತು. ಅವಳ ಕಡೆ ಒಬ್ಬರೂ ನೋಡುತ್ತಿರಲಿಲ್ಲ. ಮಗಳು ಮಾತ್ರ ಸಾರಿನ ಬಕೆಟ್ಟು ಹಿಡಿದು ಕಂಬದ ಪಕ್ಕ ನಿಂತು ಅವ್ವನನ್ನೇ ನೋಡುತ್ತಿದ್ದಳು, ಬಡಿಸುವುದನ್ನೂ ಮರೆತು.

ಖಾಲಿ ಬಟ್ಟಲನ್ನು ಮೇಜಿನ ಮೇಲೆ ಬೋರಲು ಹಾಕಿದ ಸದ್ದು ಕೇಳಿತು. ತಿರುಗಿ ನೋಡಿದೆ. ನನ್ನವಳು ಸೆರಗಿನಿಂದ ಹಣೆ ಒರೆಸಿಕೊಂಡು, ನಿಧಾನವಾಗಿ ಎಲೆ ಮಡಚಿದಳು. ಆಮೇಲೆ ನನ್ನ ಎಲೆಯಲ್ಲಿ ಉಳಿದಿದ್ದ ಮುದ್ದೆಯ ಚೂರನ್ನು ನೋಡಿದಳು, ನನ್ನನ್ನು ನೋಡಿದಳು. ಸಾಲಿನವರಿಗೆಲ್ಲ ಕೇಳುವ ಹಾಗೆ ಅಂದಳು:

"ಇನ್ನೂ ಎಷ್ಟೊತ್ರೀ ಉಣ್ಣೋದು ನಿಮ್ದು? ಇಂದೆ ಜನ ಕಾಯ್ತಾವ್ರೆ!"

ಆ ಚೂರನ್ನು ಅದ್ದಿ, ಅಗಿಯದೆ ನುಂಗಿ, ಎದ್ದೆ. ಪಂಕ್ತಿ ಎದ್ದಿತು.